ಸೀಬೆಹಣ್ಣಿಗೆ ಒಂದೇ ಕಚ್ಚು

ನಮ್ಮ ಬೀದಿಯ ಹೆಂಗಸರು ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಾರೆ. ಹೊಸದಾಗಿ ಬಂದ ಮೇಷ್ಟ್ರುಗಳು, ಸೀರೆ ಮಾರುವವರು ಅದನ್ನು ನಾಚಿಕೆ ಎಂದುಕೊಳ್ಳುತ್ತಾರೆ. ಒಬ್ಬ ಮೇಷ್ಟ್ರಂತೂ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕಿನ ಮುಂದೆ ನಿಂತು, ಇಂಥ ಲಜ್ಜೆ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತದೆ ಎಂದು ಹೊಗಳಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಎದ್ದು ಹೋಗಿ ಬಾಯಿ ತೆರೆದು ತೋರಿಸೋಣ ಅನ್ನಿಸಿತು. ಅದು ಲಜ್ಜೆಯಲ್ಲ ಸ್ವಾಮಿ, ಅಲ್ಲಿ ಹಲ್ಲಿಲ್ಲ. ಮೇಲಿನ ಸಾಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಎಡಗಡೆಯದು. ನನಗಿಲ್ಲ, ಪಕ್ಕದ ಮನೆಯ ಗಿರಿಜವ್ವನ ಮಗಳಿಗಿಲ್ಲ, ಹಿಟ್ಟಿನ ಗಿರಣಿಯ ಮೆಹರುನ್ನೀಸಾಳಿಗಿಲ್ಲ, ಅವಳ ತಂಗಿಗೂ ಇಲ್ಲ. ಎಲ್ಲರಿಗೂ ಹೋಗಿರುವುದು ಅದೇ ಒಂದು ಹಲ್ಲು.

ಸಿನಿಮಾ ಕಂಪನಿಯವರು ನಮ್ಮ ಬೀದಿಯಲ್ಲಿ ಒಂದು ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ ಹೋದಾಗ ನನಗೆ ಎಂಟು ವರ್ಷ. ಕ್ಯಾಮೆರಾ ಬಿಚ್ಚಿಕೊಂಡು ಹೋದರು. ಅದು ಕೂತಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ಬೀದಿಯಲ್ಲೇ ಬಿಟ್ಟರು. ಹೊರಡುವಾಗ ಕಂಪನಿಯ ಮ್ಯಾನೇಜರು ಸ್ಟ್ಯಾಂಡಿನ ತಲೆಯ ಮೇಲೆ ಕೈಯಿಟ್ಟು ಹೇಳಿದ ಮಾತು ಊರಿನ ಮಕ್ಕಳಿಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ: "ಇದರ ಎದುರಿಗೆ ಏನು ಹೇಗಿದೆಯೋ ಹಾಗೇ ಇರಬೇಕು. ನಾವು ಬಂದು ಉಳಿದದ್ದು ತೆಗೀತೀವಿ. ಹಿಂದಿನದಕ್ಕೆ ಮುಂದಿನದು ಕೂಡಬೇಕು." ಅವರು ಇನ್ನೂ ಬಂದಿಲ್ಲ. ಬೀದಿ ಹಾಗೇ ಇದೆ.

ಹಾಗೇ ಎಂದರೆ ಹಾಗೇ. ದಿನಾ ಬೆಳಿಗ್ಗೆ ಬಿಸಿಲು ಅಂಚೆ ಕಚೇರಿಯ ಎರಡನೇ ಮೆಟ್ಟಿಲನ್ನು ಮುಟ್ಟುವ ಹೊತ್ತಿಗೆ ಸುಣ್ಣದ ಓಬಣ್ಣ ಬೀದಿಯ ಉದ್ದಕ್ಕೂ ಕೂಗುತ್ತ ಬರುತ್ತಾನೆ: "ಬೆಳಕು ಬಂತು, ಬೆಳಕು ಬಂತು." ನಾವು ನಮ್ಮ ನಮ್ಮ ಜಾಗಕ್ಕೆ ಹೋಗುತ್ತೇವೆ. ಟೀ ಅಂಗಡಿಯ ಬೆಂಚಿನ ಮೇಲೆ ಅರ್ಧ ಕುಡಿದ ಲೋಟ ಬರುತ್ತದೆ. ಕೈಗಾಡಿಯ ಕೆಳಗೆ ಕಂದು ನಾಯಿಯನ್ನು ಮಲಗಿಸುತ್ತಾರೆ. ಇದು ಐದನೆಯ ನಾಯಿ, ಮುಂಗಾಲಿನ ಬಿಳಿ ಮಚ್ಚೆಯನ್ನು ಓಬಣ್ಣನೇ ಬಳಿಯುತ್ತಾನೆ. ಗಿರಿಜವ್ವ ತಂತಿಯ ಮೇಲೆ ನೀಲಿ ಸೀರೆ ಹರವಿ, ಅದರ ಅಂಚು ಹಿಡಿದು ನಿಲ್ಲುತ್ತಾಳೆ. ಆವತ್ತೂ ನಿಂತಿದ್ದವಳು ಅವಳೇ. ನನ್ನ ಗಂಡ ಪರಮೇಶಿ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಎಡಗೆನ್ನೆಗೆ ಸೋಪಿನ ನೊರೆ ಹಚ್ಚಿಕೊಳ್ಳುತ್ತಾನೆ; ಬಲಗೆನ್ನೆ ನುಣ್ಣಗಿರಬೇಕು. ಆವತ್ತು ಅಲ್ಲಿ ಕೂತಿದ್ದವರು ಅವನ ಸೋದರಮಾವ. ಅವರು ತೀರಿಕೊಂಡ ಮೇಲೆ ಕುರ್ಚಿ ಇವನಿಗೆ ಬಂತು. ಬಿಸಿಲು ಮೂರನೇ ಮೆಟ್ಟಿಲಿಗೆ ಇಳಿದರೆ ಅವತ್ತಿಗೆ ಮುಗಿಯಿತು. ಮೋಡವಿದ್ದರೆ ರಜೆ.

ಬೀದಿಯ ನಡುವೆ ಓಬಣ್ಣ ಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ನಾವು ಈಚೆ, ಸ್ಟ್ಯಾಂಡು ಆಚೆ. ಆ ಗೆರೆ ದಾಟಿದರೆ ಎಡಕ್ಕೆ ಹೋಗುತ್ತಿದ್ದವನು ಪರದೆಯ ಮೇಲೆ ಬಲಕ್ಕೆ ಹೊರಟ ಹಾಗೆ ಕಾಣುತ್ತಾನೆ ಎಂದು ಕಂಪನಿಯವರು ಹೇಳಿಕೊಟ್ಟಿದ್ದರು. ಆದ್ದರಿಂದ ನಮ್ಮ ಕಡೆಯವರು ಅದನ್ನು ದಾಟುವುದಿಲ್ಲ. ದೃಶ್ಯದಲ್ಲಿ ಎಲ್ಲವೂ ಎಡದಿಂದ ಬಲಕ್ಕೆ ಸಾಗುತ್ತಿತ್ತು; ಹಾಗಾಗಿ ನಮ್ಮಲ್ಲಿ ಸೊಸೆ ಬರುವುದು ಎಡದಿಂದ, ಹೆಣ ಹೋಗುವುದು ಬಲಕ್ಕೆ. ಸುಡುಗಾಡು ಇರುವುದು ಎಡಕ್ಕೆ. ನನ್ನ ಅವ್ವನನ್ನು ಹೊತ್ತವರು ಬಲಕ್ಕೆ ಹೊರಟು ಕೆರೆ ಏರಿಯನ್ನೆಲ್ಲ ಸುತ್ತಿ ಬರುವ ಹೊತ್ತಿಗೆ ಹೂವು ಬಾಡಿ ಬಿದ್ದಿತ್ತು.

ಮನೆಯ ಮುಂಬಾಗಿಲು ಆವತ್ತು ಅರ್ಧ ತೆರೆದಿತ್ತು, ಈಗಲೂ ಅರ್ಧ. ಒಡೆದ ಹೆಂಚು ಒಡೆದೇ ಇದೆ. ಬದುಕೆಲ್ಲ ಹಿತ್ತಿಲಿಗೆ ಸರಿದಿದೆ. ಹೊಸ ಕೋಣೆ, ನಲ್ಲಿ, ಟಿವಿ ಡಿಶ್ಶು ಎಲ್ಲ ಹಿಂದುಗಡೆ. ನಾನು ದೋಸೆ ಹಿಟ್ಟು ಮಾರುವುದೂ ಹಿತ್ತಿಲ ಬಾಗಿಲಲ್ಲಿ. ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೆವು, ನಾನೂ ಹೊಂದಿಕೊಂಡಿದ್ದೆ. ಹೊಂದಿಕೊಳ್ಳದೇ ಇದ್ದದ್ದು ಒಂದೇ. ಸ್ಟ್ಯಾಂಡಿನ ಹಿಂದೆ ಇರುವ ಮನೆಗಳಿಗೆ ಈ ಯಾವ ಕಟ್ಟೂ ಇಲ್ಲ. ಅವು ಕ್ಯಾಮೆರಾದ ಬೆನ್ನಿಗೆ ಬಿದ್ದವು. ಅಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿದೆ, ಗ್ರಾನೈಟ್ ಮೆಟ್ಟಿಲು ಬಂದಿದೆ, ಕಾರು ಬಂದಿದೆ. ಹಿಂದಿನದಕ್ಕೆ ಮುಂದಿನದು ಕೂಡುವುದನ್ನು ನೋಡಿಕೊಳ್ಳುವ ಕಂಟಿನ್ಯೂಟಿ ಸಮಿತಿಯ ಅಧ್ಯಕ್ಷರು, ಸದಸ್ಯರು, ಖಜಾಂಚಿ ಎಲ್ಲರೂ ಇರುವುದು ಅಲ್ಲೇ. ಅಧ್ಯಕ್ಷ ಚನ್ನವೀರಪ್ಪನವರು ದಿನಾ ಬೆಳಕಿನ ಹೊತ್ತಿಗೆ ತಮ್ಮ ಬಾಲ್ಕನಿಗೆ ಬರುತ್ತಾರೆ. ಪಂಚೆ ಮೇಲೆ ಕಟ್ಟಿ, ಹೆಗಲಿಗೆ ಟವೆಲು ಹಾಕಿ, ಬಲಗಾಲನ್ನು ಸ್ಟೂಲಿನ ಮೇಲಿಟ್ಟು, ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ನೀರಿನ ಲೋಟದಲ್ಲಿ ಹಾಕಿ, ಬ್ರಷ್ಷಿನಲ್ಲಿ ಬರೀ ಒಸಡು ಉಜ್ಜುತ್ತ ನಮ್ಮನ್ನು ನೋಡುತ್ತಾರೆ. ನಾವೇ ಅವರ ಬೆಳಗಿನ ಆಟ.

ದೃಶ್ಯದಲ್ಲಿ ನಾನು ಸೀಬೆಹಣ್ಣಿನ ಹುಡುಗಿ. ಕೆಂಪು ಫ್ರಾಕು, ಭುಜದವರೆಗೆ ಕೂದಲು, ಬಲಗೈಯಲ್ಲಿ ಒಂದು ಕಡೆ ಕಚ್ಚಿದ ಸೀಬೆಹಣ್ಣು, ಎಡಗೈ ಅರ್ಧ ಮೇಲೆತ್ತಿದ್ದು, ಬಾಯಲ್ಲಿ ಒಂದು ಹಲ್ಲಿಲ್ಲ. ನಾನು ಬೆಳೆದೆ. ಲೈಟು ಕಂಬದ ಮೇಲೆ ನನ್ನ ಎತ್ತರಕ್ಕೆ ಒಂದು ಗುರುತು ಮಾಡಿಟ್ಟಿದ್ದರು. ನನ್ನ ತಲೆ ಅದನ್ನು ದಾಟಿದಾಗ ಇನ್ನೊಬ್ಬಳು ಬಂದಳು, ಅವಳು ದಾಟಿದಾಗ ಮತ್ತೊಬ್ಬಳು. ಆ ಹಲ್ಲು ಇದ್ದವರಿಗೆ ಅದನ್ನು ಕಿತ್ತರು. ಹಾಲುಹಲ್ಲು ಬಿದ್ದ ಕಾಲಕ್ಕೇ ಸರದಿ ಬಂದವರನ್ನು ಅದೃಷ್ಟವಂತರು ಅಂದರು. ಆಮೇಲೆ ಹೊಸ ಹಲ್ಲು ಮೊಳೆತಾಗ ಅದನ್ನೂ ಕಿತ್ತರು.

ಈ ಸಲ ಮೆಹರುನ್ನೀಸಾಳ ಕಿರಿಮಗಳ ತಲೆ ಗುರುತು ದಾಟಿತು. ಚನ್ನವೀರಪ್ಪನವರು ಓಬಣ್ಣನನ್ನು ಕರೆದುಕೊಂಡು ನಮ್ಮ ಹಿತ್ತಿಲಿಗೆ ಬಂದರು. ಆಚೆ ಕಡೆಯವರು ಗೆರೆ ದಾಟಬಹುದು, ಅವರು ಕ್ಯಾಮೆರಾ ಹಿಂದಿನ ಯೂನಿಟ್ಟಿನವರ ಲೆಕ್ಕ. ನನ್ನ ಮಗಳು ಇಳಾ ಕಬ್ಬಿನ ಜಲ್ಲೆಯನ್ನು ಹಲ್ಲಲ್ಲಿ ಸಿಗಿಯುತ್ತ ಕೂತಿದ್ದಳು. ಅವಳನ್ನು ಬೀದಿಗೆ ಕರೆದೊಯ್ದು ಲೈಟು ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಓಬಣ್ಣ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು ಗುರುತು ನೋಡಿ, "ಕೂಡ್ತದೆ," ಅಂದ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಓಬಣ್ಣ ಹಾಗೇ. ತನ್ನ ಸ್ವಂತ ಮೊಮ್ಮಗಳನ್ನೂ ಹೀಗೇ ಅಳೆದಿದ್ದ. ಒಮ್ಮೆ ಖಜಾಂಚಿಯ ಅಳಿಯ ಬೆಳಕಿನ ಹೊತ್ತಲ್ಲಿ ಸ್ಕೂಟರ್ ನುಗ್ಗಿಸಿದ್ದಕ್ಕೆ ಅವನ ತಲೆಯ ಮೇಲೆ ಸುಣ್ಣದ ಬಕೆಟ್ಟು ಬೋರಲು ಹಾಕಿದ್ದ.

"ಬಾಯಿ ತೆಗಿ ಮಗಳೇ," ಅಂದರು ಚನ್ನವೀರಪ್ಪ. ಇಳಾ ತೆಗೆದಳು. ಅವರು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಒಳ್ಳೇ ಗಟ್ಟಿ ಹಲ್ಲು."

ದನದ ಸಂತೆಯಲ್ಲಿ ಹಾಗೆ ಹೇಳುತ್ತಾರೆ.

"ಸೋಮವಾರ ಬೆಳಕು ಮುಗಿದ ಮೇಲೆ ಡಾಕ್ಟರ ಹತ್ರ ಕರ್ಕೊಂಡು ಬಾರಮ್ಮ ಚಂಪಾ. ಸೂಜಿ ಕೊಡ್ತಾರೆ, ನೋವು ಗೊತ್ತಾಗಲ್ಲ."

"ಅದು ಹಾಲುಹಲ್ಲಲ್ಲ ಅಧ್ಯಕ್ಷರೇ. ಹೋದ್ರೆ ಮತ್ತೆ ಬರಲ್ಲ."

"ನಿನಗೂ ಬರಲಿಲ್ಲ. ಏನಾಯ್ತು ಈಗ? ಮದುವೆ ನಿಂತ್ಹೋಯ್ತಾ?"

"ಕಾಡಿಗೆ ಬಳಿದ್ರೆ ಆಗಲ್ವಾ? ನಾಯಿ ಕಾಲಿಗೆ ಬಳೀತೀರಲ್ಲ."

"ನಾಯಿ ದೂರದ್ದು. ಇವಳದ್ದು ಹತ್ತಿರದ ಶಾಟು," ಅಂದರು. "ಬಿಸಿಲಿಗೆ ಕಾಡಿಗೆ ಹೊಳೆಯುತ್ತೆ. ನಾಳೆ ಕಂಪನಿಯವರು ಬಂದು, ಇದೇನ್ರೀ ಮೋಸ ಅಂದ್ರೆ ಊರಿನ ಮಾನ ಏನಾಗಬೇಕು?"

ಅವರು ಹೋದ ಮೇಲೆ ಇಳಾ ನನ್ನ ಸೆರಗು ಎಳೆದು ಕೇಳಿದ್ದು ಒಂದೇ: "ಅಮ್ಮ, ಕಿತ್ತ ಮೇಲೆ ಕಬ್ಬು ತಿನ್ನೋಕಾಗುತ್ತಾ?" ನಾನು ಮೂವತ್ತು ವರ್ಷದಿಂದ ಕಬ್ಬನ್ನು ಚಾಕುವಿನಲ್ಲಿ ಚೂರು ಮಾಡಿಕೊಂಡು ದವಡೆಗೆ ಹಾಕಿಕೊಳ್ಳುತ್ತೇನೆ.

ರಾತ್ರಿಯವರೆಗೆ ಕಾಯಲಿಲ್ಲ, ಪರಮೇಶಿ ಕ್ಷೌರದಂಗಡಿಯಿಂದ ಬಂದು ಹಿತ್ತಿಲ ನಲ್ಲಿಯಲ್ಲಿ ನೊರೆ ತೊಳೆಯುತ್ತಿದ್ದಾಗಲೇ ಹೇಳಿದೆ. ಅವನು ಕನ್ನಡಿ ನೋಡಿಕೊಂಡು ಬ್ಲೇಡಿನಲ್ಲಿ ಎಡಗೆನ್ನೆ ಕೆರೆಯುತ್ತಿದ್ದ.

"ಎಲ್ಲರ ಮಕ್ಕಳಿಗೂ ಮಾಡಿದ್ದಾರಲ್ಲೇ," ಅಂದ.

"ಅದಕ್ಕೆ?"

"ನಾವೊಬ್ಬರೇ ಬೇಡ ಅಂದ್ರೆ ಹೇಗೆ? ನಾನೂ ದಿನಾ ಅರ್ಧ ಮುಖ ಹೊತ್ಕೊಂಡು ಕೂರಲ್ವಾ?"

"ನಿಮ್ಮ ಗಡ್ಡ ನಾಳೆ ಬೆಳಿಗ್ಗೆ ಮತ್ತೆ ಬರುತ್ತೆ ರೀ."

ಅವನು ಬ್ಲೇಡು ಕೆಳಗಿಟ್ಟ. ಕೆನ್ನೆಯಲ್ಲಿ ಸಣ್ಣಗೆ ರಕ್ತ ಬಂದಿತ್ತು. ನನ್ನ ಗಂಡ ಕೆಟ್ಟವನಲ್ಲ. ಬಹಳ ವರ್ಷ ಕುರ್ಚಿಯಲ್ಲಿ ಅಲುಗದೆ ಕೂತವನು, ಅಷ್ಟೇ.

ನನ್ನ ಹಲ್ಲು ಹೋದದ್ದು ಹೇಗೆ ಎಂಬುದು ಊರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಅಷ್ಟೇ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಮೊದಲ ಶಾಟು ದೂರದಿಂದ ತೆಗೆದರು. ನಾನು ಸೀಬೆಹಣ್ಣು ಕಚ್ಚಿ, ಬಲಕ್ಕೆ ಹೋಗುವ ಬಸ್ಸನ್ನು ನೋಡಬೇಕು. "ಒಂದೇ ಕಚ್ಚು," ಅಂದಿದ್ದರು ನಿರ್ದೇಶಕರು. ಒಂದೇ ಕಚ್ಚಿದೆ. ನಂತರ ಕ್ಯಾಮೆರಾವನ್ನು ಹತ್ತಿರಕ್ಕೆ ತಂದು ಅದೇ ನೋಟವನ್ನು ಮತ್ತೆ ತೆಗೆಯಬೇಕಿತ್ತು. ದೂರದಲ್ಲಿ ಕಂಡ ಹಣ್ಣು ಹತ್ತಿರದಲ್ಲೂ ಹಾಗೇ ಕಾಣಬೇಕಲ್ಲ, ಅದಕ್ಕೆ ಯಾರೂ ಅಲುಗಬಾರದು, ಏನೂ ಬದಲಾಗಬಾರದು ಎಂದು ನೋಡಿಕೊಳ್ಳಲು ಊರಿನವರಲ್ಲೇ ಒಬ್ಬರನ್ನು ನಿಲ್ಲಿಸಿದರು. ಅವರೇ ಕಂಪನಿಗೆ ಊಟ ಒದಗಿಸಲು ಒಪ್ಪಿಕೊಂಡಿದ್ದ ಚನ್ನವೀರಪ್ಪ. ಆಗ ಅವರಿಗೆ ಮೀಸೆ ಕಪ್ಪಗಿತ್ತು.

ಲೈಟು ಜೋಡಿಸಲು ತಡವಾಯಿತು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೈಯಲ್ಲಿ ಹಣ್ಣಿತ್ತು, ಬಿಸಿಲಿಗೆ ಘಮ್ಮೆಂದು ವಾಸನೆ ಬರುತ್ತಿತ್ತು. ಬಾಯಿಗೆ ತಂದೆ. ಹೊಡೆತ ಬಿದ್ದದ್ದು ಗೊತ್ತಾಗಲಿಲ್ಲ, ನೆಲದ ಮೇಲಿದ್ದೆ. ಚನ್ನವೀರಪ್ಪನವರು ಮೊದಲು ಎತ್ತಿಕೊಂಡದ್ದು ಹಣ್ಣನ್ನು. ಟವೆಲಿನಲ್ಲಿ ಒರೆಸಿ, ತಿರುಗಿಸಿ ನೋಡಿ, ಕಚ್ಚು ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಕೈಗೆ ಕೊಟ್ಟರು. ಆಮೇಲೆ ನನ್ನ ಬಾಯಿ ನೋಡಿದರು. "ಮುಚ್ಕೋ," ಅಂದರು. ಕ್ಯಾಮೆರಾ ಓಡತೊಡಗಿತು. ನಾನು ಹೇಳಿದ ಹಾಗೆ ಬಾಯಿ ಮುಚ್ಚಿಕೊಳ್ಳಲು ಎಡಗೈ ಎತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನಿರ್ದೇಶಕರು ಕಟ್ ಅಂದರು. ಹತ್ತಿರ ಬಂದು ನನ್ನ ಬಾಯಿ ನೋಡಿದರು. ಮ್ಯಾನೇಜರನ್ನು ಕರೆದು ಏನೋ ಹೇಳಿದರು. ಮಧ್ಯಾಹ್ನದ ಊಟ ಬರುವ ಮೊದಲೇ ಲಾರಿಗೆ ಸಾಮಾನು ಏರಿತು. ಅವರು ಯಾಕೆ ಹೊರಟರು ಎಂದು ನನಗೆ ಯಾರೂ ಹೇಳಿಲ್ಲ, ಊಹೆ ಮಾಡಿ ಹೇಳುವುದಿಲ್ಲ. ನಾನು ನೋಡಿದ್ದು ಇಷ್ಟು.

ಹಣ್ಣು ಉಳಿಯಿತು, ಹಲ್ಲು ಹೋಯಿತು. ಅಂದಿನಿಂದ ಊರು ಎರಡನ್ನೂ ಕಾಪಾಡುತ್ತ ಬಂದಿದೆ. ಅರ್ಧ ಎತ್ತಿದ ಎಡಗೈಯನ್ನು ಸಮಿತಿಯವರು 'ಟಾಟಾ' ಎಂದು ಕರೆಯುತ್ತಾರೆ. ಬಸ್ಸಿಗೆ ಟಾಟಾ ಮಾಡುತ್ತಿದ್ದಾಳಂತೆ ಹುಡುಗಿ.

ಭಾನುವಾರ ಸಮಿತಿಯ ಸಭೆ. ಸಭೆ ಸೇರುವುದು ಚನ್ನವೀರಪ್ಪನವರ ಮನೆಯ ಕೆಳಮಹಡಿಯಲ್ಲಿ. ನಮ್ಮ ಮನೆಯಿಂದ ಕೂಗಿದರೆ ಕೇಳುವ ದೂರ, ಆದರೆ ಹೋಗಲು ಕೆರೆ ಏರಿ ಸುತ್ತಬೇಕು. ದಾರಿಯಲ್ಲಿ ಓಬಣ್ಣನ ಗುಡಿಸಲಿಗೆ ಹೋದೆ. ಬೆಳಿಗ್ಗೆಯ ಸೀಬೆಹಣ್ಣು ಕಿಟಕಿಯಲ್ಲಿತ್ತು, ಕಚ್ಚಿದ ಕಡೆ ಕಂದಿತ್ತು.

"ಓಬಣ್ಣ, ದಿನಾ ಈ ಹಣ್ಣು ಕಚ್ಚೋರು ಯಾರು?"

"ನಾನೇ ಅಲ್ವಾ ತಾಯಿ."

"ಯಾಕೆ? ಹುಡುಗಿ ಕೈಲೇ ಕಚ್ಚಿಸಬಹುದಲ್ಲ."

"ಮೊದಮೊದಲು ನಿನ್ ಕೈಲೇ ಕಚ್ಚಿಸಿ ನೋಡ್ದೋ, ನಿಂಗೆ ನೆಪ್ಪಿರಾಕಿಲ್ಲ. ಕೂಡ್ಲಿಲ್ಲ. ಹಲ್ಲು ಇಲ್ಲದ ಕಡೆ ನಡುವೆ ದಿಬ್ಬ ಉಳೀತದೆ. ಆವತ್ತಿನ ಕಚ್ಚು ಹಂಗಿರ್ಲಿಲ್ಲ. ನುಣ್ಣಗೆ, ಪೂರಾ, ಚಂದ್ರನ ಹಂಗಿತ್ತು." ಅವನು ಬಾಯಿ ಅಗಲಿಸಿ ತನ್ನ ಹಲ್ಲು ತೋರಿಸಿದ. ಎಪ್ಪತ್ತರ ಹತ್ತಿರ ವಯಸ್ಸು, ಎಲ್ಲ ಹಲ್ಲೂ ಇದ್ದವು. "ಈ ಕೆಲ್ಸ ಇರೋತಂಕ ಹಲ್ಲು ಜೋಪಾನ ಮಾಡ್ಬೇಕಲ್ಲ, ಅದ್ಕೇ ಬೀಡಿ ಬಿಟ್ಟೆ."

ಮೂವತ್ತು ವರ್ಷ ಅವನು ಪೂರಾ ಹಲ್ಲಿನ ಕಚ್ಚನ್ನು ಹಲ್ಲಿಲ್ಲದ ಹುಡುಗಿಯ ಕೈಗೆ ಕೊಟ್ಟಿದ್ದ. ಆ ಕಚ್ಚೂ ಹಲ್ಲಿನ ಸಂದೂ ಒಂದೇ ಬಾಯಿಯದ್ದು ಎಂದುಕೊಂಡು ಇಡೀ ಊರು ನೋಡುತ್ತಿತ್ತು.

ನಾನು ಆ ಹಣ್ಣನ್ನು ಸಭೆಯ ಮೇಜಿನ ಮೇಲಿಟ್ಟೆ. ಸದಸ್ಯರು ಕುರ್ಚಿಗಳಲ್ಲಿದ್ದರು, ನನ್ನ ಜೊತೆ ಬಂದ ಓಬಣ್ಣ ಮೂಲೆಯಲ್ಲಿ ನಿಂತ. ನಮ್ಮ ಬೀದಿಯ ಹೆಂಗಸರು ಜಮಖಾನೆಯ ಮೇಲೆ, ಗೋಡೆಗೆ ಒರಗಿ. ಹಲ್ಲಿನ ಡಾಕ್ಟರು ಸಿರಿಲ್ ಬಾಗಿಲ ಬಳಿ ನಿಂತಿದ್ದರು, ಒಳಗೂ ಇಲ್ಲ ಹೊರಗೂ ಇಲ್ಲ ಅನ್ನುವ ಹಾಗೆ.

"ಇದು ಯಾರ ಕಚ್ಚು?" ಅಂತ ಕೇಳಿದೆ.

"ಸೀಬೆ ಹುಡುಗಿದು," ಅಂದರು ಖಜಾಂಚಿ.

"ಅವಳಿಗೆ ಹಲ್ಲಿಲ್ಲ. ಈ ಕಚ್ಚಿಗೆ ಎಲ್ಲ ಹಲ್ಲೂ ಇದೆ. ಹೇಗೆ ಕೂಡುತ್ತೆ ಹೇಳಿ."

ಖಜಾಂಚಿ ಹಣ್ಣನ್ನು ತಿರುಗಿಸಿ ನೋಡಿದರು. ಪಕ್ಕದವರಿಗೆ ಕೊಟ್ಟರು. ಅದು ಮೇಜು ಸುತ್ತಿ ಚನ್ನವೀರಪ್ಪನವರ ಮುಂದೆ ಬಂದು ನಿಂತಿತು. ಯಾರೋ ಫ್ಯಾನು ಜೋರು ಮಾಡಿದರು.

"ದೂರದ ಶಾಟಲ್ಲಿ ಹುಡುಗಿಗೆ ಹಲ್ಲಿತ್ತು, ಹತ್ತಿರದ ಶಾಟಲ್ಲಿ ಇರಲಿಲ್ಲ," ಅಂದೆ. "ನೀವು ಕಾಯ್ತಾ ಇರೋ ಸಿನಿಮಾ ಆವತ್ತೇ ಕೂಡಲಿಲ್ಲ. ನಡುವೆ ಏನಾಯ್ತು ಅಂತ ಅಧ್ಯಕ್ಷರನ್ನೇ ಕೇಳಿ."

ಅವರು ಅಲ್ಲಗಳೆಯುತ್ತಾರೆ ಅಂದುಕೊಂಡಿದ್ದೆ. ಅಲ್ಲಗಳೆದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

"ಹೌದು, ಹೊಡೆದೆ," ಅಂದರು ಚನ್ನವೀರಪ್ಪ, ಚಹಾದ ಲೋಟ ಇಳಿಸುತ್ತ. "ಹೊಡೀದೇ ಇದ್ದಿದ್ರೆ ನೀನು ಹಣ್ಣನ್ನ ತೊಟ್ಟಿನವರೆಗೂ ತಿಂದಿರ್ತಿದ್ದೆ. ಹಣ್ಣು ಉಳಿಸಿದ್ದು ನಾನು. ಈ ಊರಲ್ಲಿ ಕಂಟಿನ್ಯೂಟಿ ಅಂತ ಮೊದಲು ಮಾಡಿದೋನೇ ನಾನು."

ಒಬ್ಬಿಬ್ಬರು ತಲೆದೂಗಿದರು.

"ಮತ್ತೆ ನನ್ನ ಹಲ್ಲು?"

"ನೋಡಮ್ಮ, ನೀನು ಹೇಳಿದ್ದು ನಿಜ ಅಂತಲೇ ಇಟ್ಕೊಳ್ಳೋಣ. ದೂರದ್ದು ತೆಗೆದಾಯ್ತು, ಅದು ಡಬ್ಬಿಯೊಳಗಿದೆ, ಅದಕ್ಕೆ ನಾವೇನೂ ಮಾಡೋಕಾಗಲ್ಲ. ಉಳಿದಿರೋದು ಹತ್ತಿರದ್ದು. ಹತ್ತಿರದ್ದರಲ್ಲಿ ಹಲ್ಲಿರಲಿಲ್ಲ. ನಾವು ಕೊನೆಯದಕ್ಕೆ ಕೂಡಿಸಬೇಕು. ಅಷ್ಟೇ ನಮ್ಮ ಕೆಲಸ."

"ಇದು ಹಲ್ಲು ಅಧ್ಯಕ್ಷರೇ, ಮಚ್ಚೆಯಲ್ಲ," ಅಂದರು ಡಾಕ್ಟರ್ ಸಿರಿಲ್ ಬಾಗಿಲಿಂದ. ದನಿ ಸಣ್ಣಗಿತ್ತು.

"ನಿಮ್ಮನ್ನ ಕೇಳಿದಾಗ ಹೇಳಿ ಡಾಕ್ಟ್ರೇ. ಕ್ಲಿನಿಕ್ಕು ಕ್ಯಾಮೆರಾ ಹಿಂದುಗಡೆ ಇದೆಯಲ್ಲ, ಆರಾಮಾಗಿದೆಯಲ್ಲ?"

ಡಾಕ್ಟರು ನೆಲ ನೋಡಿದರು. ನಾನು ಜಮಖಾನೆಯ ಕಡೆ ತಿರುಗಿದೆ. ಅಲ್ಲಿ ಎಂಟೊಂಬತ್ತು ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಯಾರೂ ನಗುತ್ತಿರಲಿಲ್ಲ. ಮೆಹರುನ್ನೀಸಾಳ ಕಣ್ಣು ನನ್ನ ಮೇಲಿತ್ತು, ಕೈ ಮಾತ್ರ ಕೆಳಗಿಳಿಯಲಿಲ್ಲ. ಪೆದ್ದಿಯಂತೆ ನಾನು ಈವರೆಗೆ ನಂಬಿದ್ದೆ, ನಿಜ ಹೇಳಿಬಿಟ್ಟರೆ ಏನೋ ಆಗುತ್ತದೆ ಎಂದು. ನಿಜವನ್ನು ಅವರು ಚಹಾದ ಜೊತೆ ಕುಡಿದು ಮುಗಿಸಿದ್ದರು.

"ಸೋಮವಾರ. ಬೆಳಕು ಮುಗಿದ ಮೇಲೆ," ಅಂದರು ಚನ್ನವೀರಪ್ಪ. ಸೀಬೆಹಣ್ಣನ್ನು ಎತ್ತಿ ಓಬಣ್ಣನ ಕಡೆ ಚಾಚಿದರು. "ತಗೊಂಡು ಹೋಗಪ್ಪ. ಎಸೀಬೇಡ, ದನಕ್ಕೆ ಹಾಕು."

ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಮೋಡ ಬರಲಿ ಎಂದು ಬೆಳಿಗ್ಗೆ ಎದ್ದವಳೇ ನೋಡಿದೆ, ಬರಲಿಲ್ಲ. ರೂಢಿಯಾಗಲೆಂದು ಅವತ್ತು ಜಾಗದಲ್ಲಿ ನಿಲ್ಲಬೇಕಿದ್ದ ಇಳಾಳಿಗೆ ಕೆಂಪು ಫ್ರಾಕು ಹಾಕಲಿಲ್ಲ. ಶಾಲೆಯ ಬಟ್ಟೆ ಹಾಕಿ, ಒಂದು ಜಲ್ಲೆ ಕಬ್ಬು ಕೊಟ್ಟು, "ಇಲ್ಲೇ ಹಿತ್ತಿಲಲ್ಲಿ ಕೂತು ತಿನ್ನು. ಸಿಪ್ಪೆ ಹಲ್ಲಲ್ಲೇ ಸಿಗಿ," ಅಂದೆ.

"ಬೆಳಕು ಬಂತು, ಬೆಳಕು ಬಂತು," ಎಂದು ಓಬಣ್ಣ ಕೂಗಿದ. ಬೀದಿ ತನ್ನ ತನ್ನ ಜಾಗಕ್ಕೆ ಬಂತು. ನಾಯಿ ಮಲಗಿತು. ಗಿರಿಜವ್ವ ನೀಲಿ ಸೀರೆಯ ಅಂಚು ಹಿಡಿದಳು. ಪರಮೇಶಿ ನೊರೆ ಹಚ್ಚಿಕೊಂಡು ಕೂತ. ಕಂಬದ ಬಳಿ ಸೀಬೆ ಹುಡುಗಿಯ ಜಾಗ ಖಾಲಿ ಇತ್ತು. ನಾನು ಅರ್ಧ ತೆರೆದ ನಮ್ಮ ಮುಂಬಾಗಿಲನ್ನು ಪೂರ್ತಿ ತೆರೆದು ಬೀದಿಗೆ ಇಳಿದೆ. ಆ ಬಾಗಿಲ ಕೀಲಿನ ಸದ್ದು ನಾನು ಎಂಟು ವರ್ಷದವಳಿದ್ದಾಗ ಕೇಳಿದ್ದು. ನೇರ ನಡೆದೆ.

"ತಾಯಿ, ಗೆರೆ," ಅಂದ ಓಬಣ್ಣ.

ಸುಣ್ಣ ಇನ್ನೂ ಹಸಿ ಇತ್ತು, ಕಾಲಿಗೆ ಅಂಟಿತು. ನಾನು ಆಚೆ ಇದ್ದೆ. ಸ್ಟ್ಯಾಂಡಿನ ಮೇಲೆ ಹೊದಿಸಿದ್ದ ಟಾರ್ಪಾಲು ಎಳೆದು ಹಾಕಿದೆ. ಅದನ್ನು ಮುರಿದುಹಾಕಬೇಕು ಎಂಬುದೇ ಮೊದಲು ಬಂದ ಯೋಚನೆ. ಅದಕ್ಕೆಂದು ಒನಕೆ ತೆಗೆದಿಟ್ಟಿದ್ದೆ ಕೂಡ. ಮುರಿದರೆ ಹೊಸದು ತರಿಸುತ್ತಾರೆ, ನನಗೆ ಹುಚ್ಚಿ ಅನ್ನುತ್ತಾರೆ, ಮಂಗಳವಾರ ಮಗಳ ಹಲ್ಲು ಕೀಳುತ್ತಾರೆ. ಹಾಗಾಗಿ ಒನಕೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎರಡೂ ಕೈ ಹಾಕಿ ಸ್ಟ್ಯಾಂಡನ್ನು ಎತ್ತಿದೆ. ಸಾಗುವಾನಿ ಕಾಲು, ಕಬ್ಬಿಣದ ತಲೆ. ಒಂದು ಕಾಲು ಮೇಲೆದ್ದಿತು, ಉಳಿದೆರಡು ಏಳಲಿಲ್ಲ. ಮತ್ತೆ ಎತ್ತಿದೆ. ಬೆನ್ನಿನ ಹಿಂದೆ ಇಡೀ ಬೀದಿ ಅಲುಗದೆ ನೋಡುತ್ತಿತ್ತು. ಅಲುಗದಿರುವುದು ನಮಗೆ ಚೆನ್ನಾಗಿ ಬರುತ್ತದೆ.

ಆಗ ಕುರ್ಚಿ ಸರಿದ ಸದ್ದಾಯಿತು. ಪರಮೇಶಿ ಬಂದ. ಕೊರಳಲ್ಲಿ ಕ್ಷೌರದ ಬಟ್ಟೆ, ಒಂದು ಕೆನ್ನೆ ತುಂಬ ನೊರೆ.

"ಬಿಡೇ, ಸೊಂಟ ಹಿಡ್ಕೊಳ್ಳುತ್ತೆ," ಅಂದ. "ಎರಡು ಕಾಲು ನನಗೆ ಕೊಡು. ಯಾವ ಕಡೆಗೆ?"

ನಾನು ಗದ್ದದಲ್ಲೇ ತೋರಿಸಿದೆ. ಇಬ್ಬರೂ ಸೇರಿ ಎತ್ತಿ, ಅದನ್ನು ಪೂರ್ತಿ ತಿರುಗಿಸಿ, ಗೆರೆಯ ಈಚೆಗೆ ನಮ್ಮ ಮನೆಗಳ ಕಡೆಗೆ ತಂದು ಇಳಿಸಿದೆವು. ಈಗ ಅದರಲ್ಲಿನ ಕ್ಯಾಮೆರಾ ತಿರುಗಿಸುವ ಹಿಡಿ ನಮ್ಮ ಕಡೆಗಿತ್ತು. ಮುಖ ಚನ್ನವೀರಪ್ಪನವರ ಮನೆಯ ಕಡೆಗೆ.

ಅವರು ಬಾಲ್ಕನಿಯಲ್ಲಿದ್ದರು. ಪಂಚೆ ಮೇಲೆ, ಬಲಗಾಲು ಸ್ಟೂಲಿನ ಮೇಲೆ, ಬ್ರಷ್ಷು ಬಾಯಲ್ಲಿ, ಹಲ್ಲುಸೆಟ್ಟು ಲೋಟದಲ್ಲಿ. ಏನೋ ಕೂಗಿದರು. ಹಲ್ಲಿಲ್ಲದ ಬಾಯಿಂದ ಅದು ಗಾಳಿಯಾಗಿ ಬಂತು. ಎರಡನೇ ಸಲ ಅರ್ಥವಾಯಿತು: "ತಿರುಗ್ಸೋ ಅದನ್ನ, ಓಬಾ."

ನಾನು ಸ್ಟ್ಯಾಂಡಿನ ತಲೆಯ ಮೇಲೆ ಕೈಯಿಟ್ಟೆ. "ಇದರ ಎದುರಿಗೆ ಏನು ಹೇಗಿದೆಯೋ ಹಾಗೇ ಇರಬೇಕು," ಅಂದೆ. ಮ್ಯಾನೇಜರು ಹೇಳಿದ್ದು ಅಷ್ಟೇ. ಯಾವ ಕಡೆಯ ಎದುರು ಎಂದು ಅವರು ಹೇಳಿರಲಿಲ್ಲ. ಬೇಕಿದ್ದರೆ ಯಾವ ಮಗುವನ್ನಾದರೂ ಕೇಳಿ, ಬಾಯಿಪಾಠ ಒಪ್ಪಿಸುತ್ತದೆ.

ಓಬಣ್ಣ ಸುಣ್ಣದ ಬಕೆಟ್ಟು ಹಿಡಿದು ಬಂದ. ಸ್ಟ್ಯಾಂಡನ್ನು ಸುತ್ತಿದ. ಅದರ ತಲೆ ಎಲ್ಲಿಗೆ ನೋಡುತ್ತದೆ ಎಂದು ಹಿಂದಿನಿಂದ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಅಂಚೆ ಕಚೇರಿಯ ಮೆಟ್ಟಿಲು ನೋಡಿದ, ಬಿಸಿಲು ಎರಡನೆಯದರ ಮೇಲೇ ಇತ್ತು. ಅವನು ನನ್ನ ಪಕ್ಷ ವಹಿಸುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ, ಈಗಲೂ ಅವನು ವಹಿಸಿದ ಎಂದು ಹೇಳುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಮಾತು. ಅದನ್ನೇ ಆಡಿದ.

"ಅಲುಗ್ಬೇಡಿ ಅಧ್ಯಕ್ಷರೇ. ಎದುರಿಗಿದ್ದೀರಿ."

ಖಜಾಂಚಿಯ ಕಾರು ಗೇಟಿನಿಂದ ಅರ್ಧ ಹೊರಗೆ ಬಂದಿತ್ತು, ಅಲ್ಲೇ ನಿಂತಿತು. ಪಕ್ಕದ ಮನೆಯ ಮಹಡಿಯಲ್ಲಿ ಒಬ್ಬಾಕೆ ಚಾಪೆ ಕೊಡವುತ್ತಿದ್ದಳು, ಕೈಗಳನ್ನು ಮೇಲೆತ್ತಿಕೊಂಡೇ ಇದ್ದಳು. ಚನ್ನವೀರಪ್ಪನವರು ಬ್ರಷ್ಷು ಎಸೆದು ಒಳಗೆ ಹೋದರು, ಬಾಗಿಲು ಬಡಿದುಕೊಂಡಿತು. ಓಬಣ್ಣ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನೋಡಿದ್ದನ್ನು ಮರೆಯದಿರಲು ಗಟ್ಟಿಯಾಗಿ ಹೇಳಿಕೊಂಡ: "ಬಲಗಾಲು ಸ್ಟೂಲಿನ ಮೇಲೆ. ಟವೆಲು ಎಡಹೆಗಲಿಗೆ. ಬ್ರಷ್ಷು ಬಲಗೈಲಿ." ನಂತರ ನಮ್ಮ ಕಡೆ ತಿರುಗಿದ. "ಹಲ್ಲು?"

ಮೆಹರುನ್ನೀಸಾ ಗಿರಣಿಯ ಮೆಟ್ಟಿಲಿನಿಂದ, ಬಾಯಿಗೆ ಅಡ್ಡವಿದ್ದ ಕೈ ತೆಗೆದು, "ಲೋಟದಲ್ಲಿ," ಅಂದಳು. ಕೈ ಮತ್ತೆ ಮೇಲಕ್ಕೆ ಹೋಗಲಿಲ್ಲ. ಅವಳ ತಂಗಿ ನಕ್ಕಳು. ಗಿರಿಜವ್ವ ತಂತಿಯಿಂದ ನೀಲಿ ಸೀರೆ ಎಳೆದು ಮಡಚತೊಡಗಿದಳು. ನಾವು ಈಗ ಕ್ಯಾಮೆರಾದ ಬೆನ್ನಿಗಿದ್ದೆವು.

ಸಂಜೆ ಸಮಿತಿಯವರು ತಮ್ಮ ಹಿತ್ತಿಲುಗಳಿಂದ ಹೊರಟು, ಕೆರೆ ಏರಿ ಸುತ್ತಿ, ನಮ್ಮ ಹಿತ್ತಿಲಿಗೆ ಬಂದರು. ಮುಂಬಾಗಿಲಲ್ಲಿ ಬರಲು ಓಬಣ್ಣ ಬಿಟ್ಟಿರಲಿಲ್ಲ. ಖಜಾಂಚಿಗೆ ಏದುಸಿರು.

"ಏನಮ್ಮ ಇದು ಮಕ್ಕಳಾಟ. ಸ್ಟ್ಯಾಂಡು ಮೊದಲಿನ ಹಾಗೆ ಇಟ್ಟುಬಿಡು. ಹುಡುಗಿಯ ವಿಷಯ ಕೂತು ಮಾತಾಡೋಣ."

"ನನ್ನನ್ನ ಕೇಳಬೇಡಿ. ಓಬಣ್ಣನ್ನ ಕೇಳಿ," ಅಂದೆ, ಹಿಟ್ಟು ಅಳೆಯುತ್ತ.

ಓಬಣ್ಣ ಬೀಡಿ ಬಿಟ್ಟ ಬಾಯಲ್ಲಿ ಕಬ್ಬಿನ ಚೂರು ಅಗಿಯುತ್ತಿದ್ದ, ಇಳಾ ಕೊಟ್ಟದ್ದು. "ಕಂಪನಿಯೋರು ಬರ್ಲಿ ಸ್ವಾಮಿ," ಅಂದ. "ಅವ್ರೇ ತಿರುಗಿಸ್ಲಿ. ಅಲ್ಲೀತಂಕ ಕೂಡ್ಬೇಕಲ್ಲ."

ಅವರು ಡಾಕ್ಟರ್ ಸಿರಿಲ್‌ರ ಹೆಸರೆತ್ತಲಿಲ್ಲ. ಆ ಹೊತ್ತಿಗೆ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿದ್ದರು. ಅದೂ ಎದುರಿಗೇ ಬಿದ್ದಿತ್ತು. ಬೆಳಿಗ್ಗೆ ಸ್ಟ್ಯಾಂಡು ತಿರುಗಿಸಿದಾಗ ಬಾಗಿಲು ಮುಚ್ಚಿತ್ತು, ಹಾಗೇ ಇರಬೇಕಿತ್ತು.

ಮಂಗಳವಾರ ನಾನು ಮುಂಬಾಗಿಲಲ್ಲಿ ದೋಸೆ ಹಿಟ್ಟಿನ ಪಾತ್ರೆ ಇಟ್ಟುಕೊಂಡು ಕೂತೆ. ಪರಮೇಶಿಯ ಎರಡೂ ಕೆನ್ನೆ ನುಣ್ಣಗಿದ್ದವು, ಯಾರದೋ ಮುಖದ ಹಾಗೆ ಕಾಣುತ್ತಿತ್ತು. ಓಬಣ್ಣ ನಸುಕಿನಲ್ಲೇ ಹೊಸ ಗೆರೆ ಎಳೆದಿದ್ದ. ಬಾಲ್ಕನಿಯ ಹೊಸ ದೃಶ್ಯವನ್ನು ನೋಡಲು ನಮ್ಮ ಬೀದಿಯ ಹೆಂಗಸರೆಲ್ಲ ಜಗಲಿಗೆ ಬಂದಿದ್ದರು. ಅಲ್ಲಿ ಸ್ಟೂಲಿತ್ತು. ಲೋಟವೂ ಇತ್ತು, ಖಾಲಿ. ಬಾಗಿಲು ಮುಚ್ಚಿತ್ತು.

ಬಿಸಿಲು ಮೊದಲ ಮೆಟ್ಟಿಲು ಇಳಿದು ಎರಡನೆಯದನ್ನು ಮುಟ್ಟಿತು. ಓಬಣ್ಣ ಬಕೆಟ್ಟು ಕೆಳಗಿಟ್ಟು, ಕಾಲಿನ ಸುಣ್ಣ ಒರೆಸಿಕೊಂಡು, ಗ್ರಾನೈಟ್ ಮೆಟ್ಟಿಲು ಹತ್ತಿದ. ಬೆಲ್ಲು ಒತ್ತಿದ. ಒಳಗೆ ಏನೂ ಅಲುಗಲಿಲ್ಲ. ಮತ್ತೆ ಒತ್ತಿದ. ನಂತರ ಬೀದಿಗೆಲ್ಲ ಕೇಳುವ ಹಾಗೆ, ಮೂವತ್ತು ವರ್ಷ ನಮ್ಮನ್ನು ಕರೆದ ಅದೇ ದನಿಯಲ್ಲಿ ಕರೆದ.

"ಅಧ್ಯಕ್ಷರೇ, ಬೆಳಕು ಬಂತು. ಹಲ್ಲು ಲೋಟಕ್ಕೆ ಹಾಕ್ಕೊಂಡು ಹೊರಗೆ ಬನ್ನಿ."